ಎಪ್ಪತ್ತಕ್ಕೆ ಫೋನ್ ಮಾಡಿದರೆ ಹೋಗುವುದೇನು

ನಮ್ಮ ಊರಿನಲ್ಲಿ ಹೆಣ್ಣು ಕೊಡುವಾಗ ಹುಡುಗನ ಜಾತಕಕ್ಕಿಂತ ಮೊದಲು ಅವನ ಮನೆಯ ತಲೆಯಂಕಿಯನ್ನು ಕೇಳುತ್ತಾರೆ. ಫೋನ್ ನಂಬರಿನ ಮೊದಲ ಎರಡು ಅಂಕಿಗಳಿಗೆ ನಾವು ಹಾಗೆನ್ನುವುದು. ಮಿಕ್ಕ ಅಂಕಿಗಳು ಅದು ಯಾರ ಮನೆ ಎಂದು ಹೇಳಿದರೆ, ತಲೆಯಂಕಿ ಆ ಮನೆಗೆ ಫೋನ್ ಮಾಡಿದವರಿಂದ ಏನು ಹೋಗುತ್ತದೆ ಎಂದು ಹೇಳುತ್ತದೆ. ಊರೊಳಗಿನದು ಇಪ್ಪತ್ತೊಂದು. ಊರೊಳಗೆ ಮಾತಾಡಿದರೆ ಹೋಗುವುದು ಗಂಟಲಿನ ಪಸೆ ಅಷ್ಟೆ. ಎಲ್ಲರ ಮನೆಯಲ್ಲೂ ಫೋನಿನ ಪಕ್ಕ ಒಂದು ಚೊಂಬು ನೀರು ಇದ್ದೇ ಇರುತ್ತದೆ. ಹೊಳೆಯಾಚೆಯ ಪೇಟೆಗೆ ಮೂವತ್ತನಾಲ್ಕು. ಅಲ್ಲಿಗೆ ಮಾಡಿದರೆ ಸಂಜೆಯವರೆಗೆ ನಾಲಿಗೆಗೆ ಉಪ್ಪು ಗೊತ್ತಾಗುವುದಿಲ್ಲ. ಆದ್ದರಿಂದ ಪೇಟೆಯಲ್ಲಿ ತವರುಮನೆ ಇರುವ ಹೆಂಗಸರು ಸಾರಿನ ರುಚಿ ನೋಡಿ, ಒಲೆ ಆರಿಸಿ, ಆಮೇಲೆ ಫೋನಿನ ಹತ್ತಿರ ಹೋಗುತ್ತಾರೆ. ಮದುವೆಮನೆಗಳಲ್ಲಿ ಅಡುಗೆಯವರ ಕೈಗೆ ಫೋನ್ ಸಿಗದ ಹಾಗೆ ನೋಡಿಕೊಳ್ಳಲು ಒಬ್ಬ ಮುದುಕನನ್ನು ಕೂರಿಸಿರುತ್ತಾರೆ. ಕಚೇರಿಗಳಿರುವ ದೊಡ್ಡ ಊರಿಗೆ ನಲವತ್ತೇಳು. ಅದು ಆ ರಾತ್ರಿಯ ನಿದ್ದೆಯನ್ನು ತೆಗೆದುಕೊಳ್ಳುತ್ತದೆ. ಅಲ್ಲಿಯ ಕೆಲಸಗಳಿಗೆ ನಮ್ಮ ಪರವಾಗಿ ಫೋನ್ ಮಾಡುವವರು ಊರಿನ ಕಾವಲುಗಾರರು, ಹೇಗೂ ಎದ್ದಿರುವವರಲ್ಲವೆ. ಐವತ್ತಾರಕ್ಕೆ ಮಾಡಿದವರಿಗೆ ಎಡ ಯಾವುದು ಬಲ ಯಾವುದು ತಿಳಿಯದು. ಚಪ್ಪಲಿ ಅದಲುಬದಲು ಹಾಕಿಕೊಂಡು ಯಾರಾದರೂ ಬೀದಿಯಲ್ಲಿ ಎದುರಾದರೆ, "ಏನು, ಐವತ್ತಾರರಲ್ಲಿ ಎಲ್ರೂ ಚೆನ್ನಾಗಿದಾರಾ?" ಎಂದು ಕೇಳುವುದು ವಾಡಿಕೆ.

ಹೋದದ್ದು ಹೋಗಿಯೇಬಿಡುವುದಿಲ್ಲ, ತಿರುಗಿ ಬರುತ್ತದೆ. ಆದರೆ ಬರುವ ಮೊದಲೇ ಮತ್ತೆ ಫೋನ್ ಮಾಡಿದರೆ ಒಂದರ ಮೇಲೊಂದು ಕೂಡಿಕೊಂಡು, ಬರುವುದು ನಿಧಾನವಾಗುತ್ತದೆ. ಅದಕ್ಕೇ ನಮ್ಮಲ್ಲಿ ಫೋನ್ ಹೊಡೆದ ಕೂಡಲೆ ಓಡಿಹೋಗಿ ಎತ್ತುವುದು ಮರ್ಯಾದೆಯಲ್ಲ. ಮಾಡಿದವರು ಇನ್ನೊಂದು ಸಲ ಯೋಚಿಸಲಿ, ಬೇಡವೆನಿಸಿದರೆ ಇಟ್ಟುಬಿಡಲಿ ಎಂದು ಹೊಡೆಯಲು ಬಿಡುತ್ತೇವೆ. ಎತ್ತುವವರೆಗೆ ಯಾರಿಂದಲೂ ಏನೂ ಹೋಗುವುದಿಲ್ಲ. ನನ್ನ ಅತ್ತೆಯವರಂತೂ ಹೊಡೆಯುವ ಫೋನನ್ನು ನೋಡುತ್ತಾ ಒಂದು ಎಲೆಯಡಿಕೆ ಹಾಕಿ ಮುಗಿಸುತ್ತಾರೆ.

ಹೊರಗಿನಿಂದ ನಮ್ಮ ಊರಿಗೆ, ಅಂದರೆ ಇಪ್ಪತ್ತೊಂದಕ್ಕೆ, ಮಾಡುವವರಿಂದ ಆ ದಿನದ ಹಸಿವು ಹೋಗುತ್ತದೆ. ಬೇರೆ ಊರುಗಳಲ್ಲಿರುವ ನಮ್ಮ ಮಕ್ಕಳೆಲ್ಲ ಏಕಾದಶಿಯ ದಿನ ಫೋನ್ ಮಾಡುವುದು ಇದರಿಂದಲೇ. ಉಪವಾಸದ ದಿನ ಹಸಿವು ಹೋದರೆ ಲಾಭವೇ ಹೊರತು ನಷ್ಟವಿಲ್ಲ. ಏಕಾದಶಿ ಬಂತೆಂದರೆ ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಗಂಟೆಗಳೇ ಗಂಟೆಗಳು, ದೇವಸ್ಥಾನದ ಗಂಟೆ ಯಾರಿಗೂ ಕೇಳಿಸುವುದಿಲ್ಲ.

ನನ್ನ ಮಗಳು ಚಂಪಾ ಗುಡ್ಡದ ಮೇಲಿನ ಬಣ್ಣದ ಮನೆಗೆ ಕೆಲಸ ಕಲಿಯಲು ಹೊರಟಾಗ ನಾನು ಹೇಳಿದ ಮಾತು ಒಂದೇ. "ನೀನು ನಮಗೆ ಫೋನ್ ಮಾಡಬೇಡ, ಚಂಪಿ. ಮೊದಲೇ ಕಡ್ಡಿ ಥರ ಇದೀಯ. ಹಸಿವೂ ಹೋದ್ರೆ ಗಾಳೀಲಿ ಹಾರಿಹೋಗ್ತೀಯ. ನಾನೇ ಮಾಡ್ತೀನಿ."

"ಅಲ್ಲೀದು ಎಪ್ಪತ್ತು ಅಮ್ಮಾ. ಹೊಸ ಅಂಕಿ. ಏನು ಹೋಗತ್ತೋ ಯಾರಿಗೂ ಗೊತ್ತಿಲ್ಲ."

"ಹೋದ್ರೆ ಹೋಗಲಿ. ನಂದು ಏನು ಹೋದ್ರೂ ನಡೆಯತ್ತೆ. ನಿಂದು ಹೋಗಬಾರದು."

ಚಂಪಿಗೆ ಬಣ್ಣದ ಹುಚ್ಚು ಮೊದಲಿನಿಂದಲೂ ಇತ್ತು. ನಾನು ಸೊಪ್ಪು ಬಿಡಿಸುವಾಗ ಪಕ್ಕದಲ್ಲಿ ಕೂತು ಎಲೆಗಳನ್ನು ಹಸಿರಿನ ತಿಳಿ ಗಾಢ ನೋಡಿ ಜೋಡಿಸುತ್ತಿದ್ದಳು. ನಮಗೆ ಎಲ್ಲವೂ ಒಂದೇ ಹಸಿರು, ಅವಳಿಗೆ ಒಂದೊಂದೂ ಬೇರೆ. ಅಂಗಡಿಯವನು ರವಿಕೆಗೆ ಹೊಂದುವ ದಾರ ಹುಡುಕಿ ಸುಸ್ತಾದರೆ ಇವಳು ಮೆಟ್ಟಿಲ ಮೇಲೆ ನಿಂತೇ "ಆ ಮೂಲೇದು" ಎನ್ನುವಳು. ಬಣ್ಣದ ಮನೆಯಲ್ಲಿ ನೂಲಿಗೆ ಬಣ್ಣ ಹೊಂದಿಸುವ ಕೆಲಸ ಎಲ್ಲರಿಗೂ ಸಿಗುವುದಿಲ್ಲ. ದಸರೆ ಕಳೆದ ಮೇಲೆ ಅಲ್ಲಿಯ ಮೇಸ್ತ್ರಿಯಮ್ಮ ಪರೀಕ್ಷೆ ಮಾಡುತ್ತಾರೆ. ಬಗೆಬಗೆಯ ಕೆಂಪು ನೂಲಿನ ಲಡಿಗಳನ್ನು ರಾಶಿ ಹಾಕಿ, ತಿಳಿಯಿಂದ ಗಾಢಕ್ಕೆ ಜೋಡಿಸು ಎನ್ನುತ್ತಾರೆ. ಸರಿಯಾಗಿ ಜೋಡಿಸಿದವರು ಬಣ್ಣ ಕುದಿಸುವ ಹಂಡೆಯ ಮುಂದೆ ನಿಲ್ಲುತ್ತಾರೆ, ಉಳಿದವರು ಗಂಟು ಕಟ್ಟಿಕೊಂಡು ಮನೆಗೆ. ಅಲ್ಲಿಯವರೆಗೆ ಕಲಿಯುವ ಹುಡುಗಿಯರು ಗುಡ್ಡ ಇಳಿಯುವ ಹಾಗಿಲ್ಲ, ನಾವು ಹೋಗಿ ನೋಡುವ ಹಾಗೂ ಇಲ್ಲ. ಅವಳಿಗೆ ಆ ಹಂಡೆ ಬಿಟ್ಟರೆ ಬೇರೆ ಏನೂ ಬೇಕಿರಲಿಲ್ಲ. ಅವಳಿಗೆ ಅದು ಸಿಗಬೇಕೆಂಬುದು ಬಿಟ್ಟರೆ ನನಗೂ ಬೇರೆ ಏನೂ ಬೇಕಿರಲಿಲ್ಲ.

ನಾನು ಎಪ್ಪತ್ತಕ್ಕೆ ಮೊದಲ ಫೋನ್ ಮಾಡಿದ ದಿನ ಬೀದಿಯವರೆಲ್ಲ ನಮ್ಮ ಪಡಸಾಲೆಯಲ್ಲಿದ್ದರು. ಹೊಸ ತಲೆಯಂಕಿಗೆ ಮೊದಲು ಮಾಡುವವರನ್ನು ನೋಡಲು ಯಾರಿಗೆ ಆಸೆ ಇರುವುದಿಲ್ಲ? ಪಕ್ಕದ ಮನೆಯ ಸಾಕಮ್ಮ ಮೊರದಲ್ಲಿದ್ದ ಅಕ್ಕಿಯನ್ನೂ ಹೊತ್ತುಕೊಂಡೇ ಬಂದಿದ್ದಳು. ಅವಳ ತಮ್ಮನ ಮಗನೂ ಅದೇ ಬಣ್ಣದ ಮನೆಯಲ್ಲಿ ಒಲೆಗೆ ಸೌದೆ ಒಟ್ಟುವ ಕೆಲಸಕ್ಕಿದ್ದ. "ನಿಂಗೇನು ತಲೆ ಕೆಟ್ಟಿದ್ಯಾ? ಯಾರಾದ್ರೂ ಗಂಡಸರ ಕೈಲಿ ಮಾಡ್ಸು. ಅವರದ್ದು ಏನು ಹೋದ್ರೂ ತಿಳಿಯಲ್ಲ" ಎಂದಳು.

"ಇವಳ ಮಾತು ಹೋದ್ರೆ ಸಾಕು, ಮನೆ ತಣ್ಣಗಿರತ್ತೆ" ಎಂದರು ಅತ್ತೆ.

ನಾನು ನಂಬರು ತಿರುಗಿಸಿದೆ. ಒಂದು ಗಂಟೆ ಪೂರ್ತಿ ಹೊಡೆಯುವ ಮೊದಲೇ ಆ ಕಡೆ ಎತ್ತಿದಳು.

"ಅಮ್ಮಾ?"

"ಇಷ್ಟು ಬೇಗ ಎತ್ತಬಾರದು ಕಣೇ. ಬೇರೆಯವರಾಗಿದ್ರೆ ಏನಂದ್ಕೊಳ್ಳೋರು!"

"ನೀನೇ ಅಂತ ಗೊತ್ತಿತ್ತು. ಬೆಳಗಿಂದ ಇಲ್ಲೇ ಕೂತಿದೀನಿ."

ಊಟ, ಹಾಸಿಗೆ, ಸ್ನಾನದ ನೀರು, ಮೇಸ್ತ್ರಿಯಮ್ಮನ ಸಿಟ್ಟು ಎಲ್ಲವನ್ನೂ ಕೇಳಿದೆ. ಕೊನೆಯಲ್ಲಿ ಅವಳು, "ಅಮ್ಮಾ, ಇಲ್ಲಿ ಕಿಟಕಿ ಹತ್ತಿರ ಗುಲಾಬಿ ಹೂ ಇತ್ತು..." ಎಂದು ನಿಲ್ಲಿಸಿದಳು.

"ಏನಾಯ್ತು?"

"ಏನಿಲ್ಲ. ನಾಳೇನೂ ಮಾಡ್ತೀಯಾ?"

ಫೋನ್ ಇಟ್ಟ ಕೂಡಲೆ ಪರೀಕ್ಷೆ ಶುರುವಾಯಿತು. ನಾಲಿಗೆಯ ಮೇಲೆ ಉಪ್ಪು, ಬೆಲ್ಲ, ಹಾಗಲಕಾಯಿ ಎಲ್ಲವನ್ನೂ ಇಟ್ಟರು, ಎಲ್ಲವೂ ಗೊತ್ತಾಯಿತು. ಸೂಜಿಗೆ ದಾರ ಪೋಣಿಸಿದೆ. ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಮೊದಲು ಹಿಂಗನ್ನೂ ಆಮೇಲೆ ಸಾಕಮ್ಮನ ಗಂಡನ ಅಂಗಿಯನ್ನೂ ಹಿಡಿದರು, ಎರಡನ್ನೂ ಹೇಳಿದೆ. "ನಿಮ್ಮ ಮದುವೆಯಲ್ಲಿ ಹೋಳಿಗೆ ಮಾಡಿದ್ರಾ ಲಾಡೂನಾ?" ಎಂದು ಒಬ್ಬಳು ನೆನಪನ್ನು ಪರೀಕ್ಷಿಸಿದಳು. "ಎರಡೂ ಮಾಡಿದ್ರು, ನಿಮಗೆ ಸಿಗಲಿಲ್ಲ ಅಷ್ಟೆ" ಎಂದೆ. ಗಂಡನನ್ನು ತೋರಿಸಿ "ಇವರು ಯಾರು?" ಎಂದು ಕೇಳಿದಾಗ, "ಸೈಕಲ್ ಅಂಗಡಿ ಬಿಟ್ಟು ಇಲ್ಲೇನು ಮಾಡ್ತಿದೀರ ಅಂತ ನಾನೂ ಕೇಳಬೇಕು ಅಂದ್ಕೊಂಡೆ" ಎಂದೆ. ಅವರು ನಕ್ಕು ಅಂಗಡಿಗೆ ಹೊರಟರು. ಮಾರನೆಯ ದಿನ, ಅದರ ಮಾರನೆಯ ದಿನ ಕೂಡ ಹೆಂಗಸರು ಬಂದು ನನ್ನನ್ನು ತಟ್ಟಿ ಮುಟ್ಟಿ ನೋಡಿದರು. ನಿದ್ದೆ ಬರುತ್ತಿತ್ತು, ಹಸಿವಾಗುತ್ತಿತ್ತು, ಎಡಗಾಲು ಎಡ ಚಪ್ಪಲಿಗೇ ಹೋಗುತ್ತಿತ್ತು.

"ಎಪ್ಪತ್ತು ಪುಕ್ಕಟೆ!" ಎಂದು ಸಾಕಮ್ಮನೇ ಊರಿಗೆಲ್ಲ ಸಾರಿದಳು.

ಆಮೇಲಿನ ದಿನಗಳ ಸುಖವನ್ನು ಹೇಗೆ ಹೇಳಲಿ. ಮನೆಯವರು ಫೋನಿನ ತಂತಿಯನ್ನು ಉದ್ದ ಮಾಡಿಸಿ ಅಡುಗೆಮನೆಯವರೆಗೆ ತಂದುಕೊಟ್ಟರು. ನಾನು ಭುಜ ಕಿವಿಗಳ ನಡುವೆ ಫೋನ್ ಸಿಕ್ಕಿಸಿಕೊಂಡು ಹಿಟ್ಟು ನಾದುತ್ತಾ, ಬೇಳೆ ಆರಿಸುತ್ತಾ ದಿನಾ ಮಾತಾಡಿದೆ. ನಮ್ಮ ಹಸು ಕೆಂದಿ ಕರು ಹಾಕಿದ್ದು, ಅತ್ತೆ ಕನ್ನಡಕದ ಮೇಲೆ ಕೂತದ್ದು, ಸಾಕಮ್ಮ ನನ್ನ ಒನಕೆ ತೆಗೆದುಕೊಂಡು ಹೋಗಿ ಅದು ಅವಳ ತವರಿನದೆಂದು ವಾದಿಸಿದ್ದು, ಎಲ್ಲ. ಸಾರಿಗೆ ಒಗ್ಗರಣೆ ಹಾಕುವಾಗ ಅವಳಿಗೆ ಚಟಪಟ ಕೇಳಲೆಂದು ಫೋನನ್ನು ಬಾಣಲೆಯ ಹತ್ತಿರ ಹಿಡಿಯುತ್ತಿದ್ದೆ. "ಸಾಸಿವೆ ಕಮ್ಮಿ ಆಯ್ತು" ಎಂದು ಅವಳು ಗುಡ್ಡದ ಮೇಲಿನಿಂದ ಹೇಳುವಳು. ಯಾವ ತಾಯಿಗೆ ಮಗಳು ಇಷ್ಟು ದೂರವಿದ್ದೂ ಇಷ್ಟು ಹತ್ತಿರ ಇರುತ್ತಾಳೆ ಎಂದು ನಾನು ಬೀಗುತ್ತಿದ್ದೆ. ಮೂವತ್ತನಾಲ್ಕಕ್ಕೆ ಮಗಳನ್ನು ಕೊಟ್ಟವರು, ಐವತ್ತಾರಕ್ಕೆ ಕೊಟ್ಟವರು ನನ್ನನ್ನು ಕಂಡು ನಿಟ್ಟುಸಿರು ಬಿಡುತ್ತಿದ್ದರು.

ಮಳೆಗಾಲ ಮುಗಿಯುತ್ತಾ ಬಂದಾಗ ಗೌಸಣ್ಣ ಒಂದು ಗಂಟು ತಂದ. ಗೌಸಣ್ಣ ಗುಡ್ಡದ ಮೇಲಕ್ಕೆ ಬಿಳಿ ನೂಲು ಒಯ್ದು, ಬಣ್ಣದ ನೂಲು ಇಳಿಸುವ ಲಾರಿಯವನು. ಲಾರಿ ಎಷ್ಟು ಸದ್ದು ಮಾಡುತ್ತದೋ ಅಷ್ಟೇ ಅವನು ಮೌನಿ. "ಚಂಪಮ್ಮ ಕೊಟ್ರು" ಎಂದು ಇಟ್ಟು ಹೋದ. ಒಳಗಿದ್ದದ್ದು ನನಗೊಂದು ಸೀರೆ. ಅದಕ್ಕೆ ನೂಲನ್ನು ತಾನೇ ಅದ್ದಿ, ನೇಯಿಸಿ ಕಳಿಸುವುದಾಗಿ ಅವಳು ಹಿಂದಿನ ವಾರವಷ್ಟೇ ಫೋನಿನಲ್ಲಿ ಹೇಳಿದ್ದಳು. "ಎಳೇ ಬತ್ತದ ಹಸಿರು ಅಮ್ಮಾ, ಪೈರಿನ ಮೇಲೆ ಬಿಸಿಲು ಬಿದ್ದಾಗ ಇರತ್ತಲ್ಲ, ಅದು" ಎಂದಿದ್ದಳು.

ಸಾಕಮ್ಮ ಮಡಿಕೆ ಬಿಚ್ಚಿ ಬೆರಳಿನಿಂದ ತಿಕ್ಕಿ ನೋಡಿದಳು. ಆಮೇಲೆ, "ಇದು ಹಸಿರಾ? ನಮ್ಮನೇಲಿ ಒರಳು ಒರೆಸೋ ಬಟ್ಟೆ ಈ ಬಣ್ಣ" ಎಂದಳು.

ಸೀರೆ ಕಂದು. ಕಂದು ಕೂಡ ಅಲ್ಲ, ಒಂದು ಕಡೆ ಬೂದಿ, ಇನ್ನೊಂದು ಕಡೆ ಕೆಸರು, ಸೆರಗಿನಲ್ಲಿ ತುಕ್ಕು ಹಿಡಿದ ಹಾಗೆ.

"ಈಗ ಇದೇ ಹೊಸದು" ಎಂದೆ ನಾನು ಗಟ್ಟಿಯಾಗಿ. "ಪೇಟೆಯಲ್ಲಿ ಎಲ್ಲಾರೂ ಉಡೋದು ಇದೇ."

ಅವಳು ಹೋದ ಮೇಲೆ ಸೀರೆಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಅಂಗಡಿಯ ಮೆಟ್ಟಿಲಿನಿಂದಲೇ ದಾರ ತೋರಿಸುತ್ತಿದ್ದ ಹುಡುಗಿ ಇದನ್ನು ಹಸಿರೆಂದು ಕಳಿಸಿದ್ದಾಳೆ. ಬೇಳೆ ಒಲೆಯ ಮೇಲಿತ್ತು, ಇಳಿಸಿ ಪಕ್ಕಕ್ಕಿಟ್ಟೆ. ಫೋನ್ ತೆಗೆದುಕೊಂಡೆ.

"ಸೀರೆ ಬಂತಾ ಅಮ್ಮಾ? ಹೇಗಿದೆ?"

"ಬಂತು. ಮೃದುವಾಗಿದೆ. ಚಂಪಿ, ನಿನ್ನ ಎದುರಿಗೆ ಕಿಟಕಿ ಇದೆಯಲ್ಲ, ಆಚೆ ಏನು ಕಾಣ್ಸತ್ತೆ?"

"ಹುಲ್ಲು. ಒಣಗ್ಹಾಕಿರೋ ನೂಲು."

"ನೂಲು ಯಾವ ಬಣ್ಣ?"

ಆ ಕಡೆ ಕಿಟಕಿಯ ಬಾಗಿಲನ್ನು ಪೂರ್ತಿ ತಳ್ಳಿದ ಸದ್ದಾಯಿತು.

"ಚಂಪಿ."

"ಕೆಂಪು ಸ್ವಲ್ಪ ಉಳ್ಕೊಂಡಿದೆ ಅಮ್ಮಾ. ಕಣ್ಣು ಸಣ್ಣ ಮಾಡಿ ನೋಡಿದ್ರೆ ಗೊತ್ತಾಗತ್ತೆ. ಮಿಕ್ಕಿದ್ದು ಬೂದಿ ಥರ."

"ಯಾವಾಗಿಂದ?"

"ಮೊದಲ ದಿನ ಗುಲಾಬಿ ಹೋಯ್ತು. ಗುಲಾಬಿ ಯಾರಿಗೆ ಬೇಕು ಅಂದ್ಕೊಂಡೆ. ಕರು ಹುಟ್ಟಿದ್ದು ಹೇಳ್ದೆಯಲ್ಲ, ಆವತ್ತು ಹಳದಿ. ಹಂಡೆ ಮೇಲೆ ಹೆಸರು ಬರ್ದಿರತ್ತೆ, ಹಸಿರಿಗೆ ಅದನ್ನ ನೋಡ್ಕೊಂಡು ಅದ್ದಿದೆ. ಯಾರೋ ಹಂಡೆ ಬದಲಾಯ್ಸಿರಬೇಕು. ಸೀರೆ ಚೆನ್ನಾಗಿಲ್ವಾ?"

ನಮ್ಮ ಊರಿನಲ್ಲಿ ಇಷ್ಟು ವರ್ಷಗಳಲ್ಲಿ ಎತ್ತಿದವರಿಂದ ಕಿತ್ತುಕೊಳ್ಳುವ ತಲೆಯಂಕಿಯನ್ನು ಯಾರೂ ಕಂಡಿರಲಿಲ್ಲ. ಮಾಡಿದವರದು ಹೋಗುತ್ತದೆ ಎಂಬುದು ನಮಗೆ ಸೂರ್ಯ ಮೂಡುವಷ್ಟೇ ಖಚಿತ. ಊರಿಗೆ ಊರೇ ಸೇರಿ ನನ್ನ ಮೂಗು ನಾಲಿಗೆಗಳನ್ನು ಪರೀಕ್ಷಿಸಿತ್ತು. ಆ ಕಡೆಯವಳಿಗೆ ಏನಾಯಿತು ಎಂದು ಕೇಳಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ.

"ಇದನ್ನ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಮಾಡೋದು ನಿಲ್ಲಿಸ್ತಿದ್ದೆ. ನಾನಾಗಿ ಮಾಡಬೇಡ ಅಂತ ಮೊದಲೇ ಹೇಳಿಟ್ಟಿದೀಯ. ಸಂಜೆ ಇಲ್ಲಿ ಎಲ್ಲಾರೂ ಒಬ್ಬೊಬ್ಬರೇ ಅವರವರ ಮೂಲೇಲಿ ಕೂತಿರ್ತಾರೆ ಅಮ್ಮಾ. ನಿನ್ನ ಒಗ್ಗರಣೆ ಸದ್ದು ಕೇಳಿದ್ರೆ..."

ಆಗ ನನಗೆ ಹೊಳೆಯಿತು. ಇದನ್ನು ಕೇಳುತ್ತಾ ನಿಂತಿರುವಷ್ಟು ಹೊತ್ತೂ ಆ ಉಳಿದ ಕೆಂಪು ಕೂಡ ಸೋರಿಹೋಗುತ್ತಿದೆ. ದಸರೆಗೆ ಹೆಚ್ಚು ದಿನವಿರಲಿಲ್ಲ, ಮೇಸ್ತ್ರಿಯಮ್ಮ ರಾಶಿ ಹಾಕುವುದು ಕೆಂಪನ್ನೇ.

"ಫೋನ್ ಇಡು" ಎಂದೆ.

"ಸ್ವಲ್ಪ ಹೊತ್ತು ಅಮ್ಮಾ, ಇನ್ನೊಂದೇ..."

ನಾನು ಇಟ್ಟುಬಿಟ್ಟೆ. ಮಗಳು ಮಾತಾಡುತ್ತಿರುವಾಗ ನಾನು ಫೋನ್ ಇಟ್ಟದ್ದು ಅದೇ ಮೊದಲು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ವಿಷಯ ಹೇಳಿದೆ. ಅವರು ಗೋಡೆ ಹಿಡಿದು ಕೂತು, "ಇದೆಂಥಾ ಅಂಕಿ! ಕೂಗಿದವರನ್ನ ಬಿಟ್ಟು ಓಗೊಟ್ಟವರನ್ನ ಹಿಡಿಯೋದು" ಎಂದರು. ನಾನು ಕೂರಲಿಲ್ಲ. ಬೇಳೆಯನ್ನು ಮತ್ತೆ ಒಲೆಗೇರಿಸಿದೆ. ಹೋದದ್ದು ಬರುತ್ತದೆ, ಬರಲು ಬಿಡಬೇಕು. ಅದಕ್ಕೆ ನನ್ನಿಂದ ಆಗಬೇಕಾದ ಕೆಲಸವೆಂದರೆ ಸುಮ್ಮನಿರುವುದು. ಇಷ್ಟು ಕೆಲಸ ಮಾಡಿದವಳಿಗೆ ಅದೊಂದು ಆಗದೆ? ಆಗುತ್ತದೆ.

ಆದರೆ ಸುಮ್ಮನಿರುತ್ತೇನೆ ಎಂದು ಅವಳಿಗೆ ಸಮಾಧಾನ ಹೇಳುವುದು ಹೇಗೆ? ಬೇರೆ ಊರಿಗಾದರೆ ಒಂದು ಗಂಟೆ ಹೊಡೆಸಿ ಇಟ್ಟುಬಿಡುತ್ತೇವೆ. ನೆನಪಿದೆ, ಕ್ಷೇಮ, ಎತ್ತಬೇಡಿ ಎಂದು ಅದರ ಅರ್ಥ. ಇವಳೋ ಒಂದು ಗಂಟೆ ಮುಗಿಯುವ ಮೊದಲೇ ಎತ್ತುವವಳು. ಆದ್ದರಿಂದ ಗೌಸಣ್ಣನನ್ನೇ ಹಿಡಿದೆ. ಲಾರಿಯ ಮೆಟ್ಟಿಲ ಹತ್ತಿರ ನಿಂತು, ಚಂಪಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಫೋನ್ ಮಾಡದಿರುವುದು ಸಿಟ್ಟಿನಿಂದಲ್ಲ, ಬೆಳಿಗ್ಗೆ ಎದ್ದು ಹುಲ್ಲನ್ನೇ ನೋಡುತ್ತಿರು, ತಣ್ಣೀರಿನಲ್ಲಿ ಕಣ್ಣು ತೊಳೆದುಕೋ, ಯಾರು ಮಾಡಿದರೂ ಫೋನ್ ಎತ್ತಬೇಡ, ಅಮ್ಮ ಇಲ್ಲೇ ಇದ್ದಾಳೆ, ಎಲ್ಲಿಗೂ ಹೋಗಿಲ್ಲ. ಅವನು ತಲೆ ಆಡಿಸುತ್ತಾ ಎಲ್ಲವನ್ನೂ ಕೇಳಿಕೊಂಡ. ತಿರುಗಿ ಬಂದಾಗ ಓಡಿಹೋಗಿ ಕೇಳಿದೆ.

"ಹೇಳಿದ್ರಾ ಗೌಸಣ್ಣಾ?"

"ಹೇಳಿದೆ."

"ಏನಂತ?"

"ಅಮ್ಮ ಕ್ಷೇಮ ಅಂದೆ."

"ಅಷ್ಟೇನಾ!"

"ಇನ್ನೇನಿತ್ತು ಅಕ್ಕಾ? ಎಲ್ಲಾ ಅದರಲ್ಲೇ ಬಂತಲ್ಲ."

"ಅವಳೇನಂದ್ಲು?"

"ತುಂಬಾ ಹೇಳಿದ್ರು" ಎಂದು ಅವನು ಬಹಳ ಹೊತ್ತು ನೆನಪಿಸಿಕೊಂಡ. "ಕ್ಷೇಮ."

ಸಾಕಮ್ಮನ ಜೊತೆ ಜಗಳವಾಯಿತು. ಎಪ್ಪತ್ತು ಪುಕ್ಕಟೆಯಲ್ಲ, ಎತ್ತಿದವರ ಬಣ್ಣ ಹೋಗುತ್ತದೆ ಎಂದರೆ ಅವಳು ನಂಬಲಿಲ್ಲ. "ನಮ್ಮ ಹುಡುಗ ಸೌದೆ ಒಟ್ಟೋನು. ಬೆಂಕಿ ಯಾವ ಬಣ್ಣ ಆದ್ರೂ ಸುಡತ್ತೆ" ಎಂದಳು. ಅವನಿಗೆ ಫೋನ್ ಮಾಡುವುದು ಬಿಡು ಎಂದು ನಾನು ಹೇಳಲಿಲ್ಲ. ಅವನು ಮಾತಾಡುವ ಫೋನೂ ನನ್ನ ಮಗಳ ಫೋನೂ ಒಂದೇ, ಗಂಟೆ ಹೊಡೆದರೆ ನಾನೇ ಎಂದು ಇವಳು ಓಡಿಬಂದು ಎತ್ತುತ್ತಾಳೆ, ಅದನ್ನು ಯೋಚಿಸು ಎಂದಷ್ಟೇ ಹೇಳಿದೆ. ಅವಳು ಸೆರಗು ಕೊಡವಿಕೊಂಡು ಹೋದಳು. ಮಾರನೆಯ ದಿನ ನನ್ನ ಒನಕೆಯನ್ನು ತಂದು ಬಾಗಿಲಿಗೆ ಒರಗಿಸಿ, "ದಸರೆ ಮುಗಿಯೋವರೆಗೂ ಮಾಡಲ್ಲ ಬಿಡು. ಅವನ ಮಾತೂ ಅಷ್ಟು ರುಚಿ ಇಲ್ಲ" ಎಂದಳು.

ಆ ದಿನಗಳಲ್ಲಿ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ಹಿಟ್ಟು ನಾದುವಾಗ ಭುಜ ತಾನಾಗಿ ಕಿವಿಗೆ ಏರುತ್ತಿತ್ತು. ಮನೆಯವರಿಗೆ ಹೇಳಿ ತಂತಿಯನ್ನು ಸುತ್ತಿಸಿ ಫೋನನ್ನು ಮತ್ತೆ ಪಡಸಾಲೆಗೆ ಕಳಿಸಿದೆ. ಹೇಳಬೇಕೆನಿಸಿದ್ದನ್ನು ಕೆಂದಿಗೆ ಹೇಳಿದೆ. ಅದು ಮೆಲುಕು ಹಾಕುತ್ತಾ ಕೇಳಿತು, ಸಾಸಿವೆ ಕಮ್ಮಿಯಾಯಿತು ಎನ್ನಲಿಲ್ಲ. ಲಾರಿಯ ದಿನಗಳಲ್ಲಿ ಚಕ್ಕುಲಿ, ಹುರಿಹಿಟ್ಟು, ನಿಂಬೆ ಉಪ್ಪಿನಕಾಯಿ ಕಟ್ಟಿ ಕಳಿಸಿದೆ. ಪ್ರತಿ ಸಲವೂ ಗೌಸಣ್ಣ "ಕ್ಷೇಮ" ಎಂದ. ಆ ಒಂದು ಮಾತನ್ನು ಇಟ್ಟುಕೊಂಡು ನಾನೂ ಅತ್ತೆಯೂ ದಿನಗಟ್ಟಲೆ ಮಾತಾಡಿದೆವು. ಹೇಳುವಾಗ ಅವನ ಮುಖ ಹೇಗಿತ್ತು, ಹೋದ ಸಲಕ್ಕಿಂತ ಗಟ್ಟಿಯಾಗಿ ಹೇಳಿದನೆ, ಮೆಲ್ಲಗೆ ಹೇಳಿದನೆ ಎಂದು.

ದಸರೆಯ ಹಿಂದಿನ ಲಾರಿಯಲ್ಲಿ ಬಂದವನು ಮಾತ್ರ ಹೊರಡದೆ ನಿಂತ. "ಅಕ್ಕಾ, ಒಂದು ವಿಷಯ. ಚಂಪಮ್ಮ ನನ್ನ ಲಾರಿ ಮುಂದೆ ಕಟ್ಟಿರೋ ಕುಚ್ಚು ಯಾವ ಬಣ್ಣ ಅಂತ ಕೇಳಿದ್ರು. ಕೆಂಪು ಅಂದೆ. ಅದು ನಂಗೂ ಗೊತ್ತು, ಯಾವ ಕೆಂಪು ಅಂದ್ರು. ಕೆಂಪು ಅಂದ್ರೆ ಕೆಂಪು ಅಂದೆ. ಇಲ್ಲ ಗೌಸಣ್ಣ, ಎಡಗಡೇದು ಬಿಸಿಲಿಗೆ ಮಾಸಿ ಇಟ್ಟಿಗೆ ಥರ ಆಗಿದೆ, ಬಲಗಡೇದು ಇನ್ನೂ ಕುಂಕುಮದ ಥರ ಇದೆ, ಒಂದೇ ಜೊತೆ ಅಲ್ಲ ಅವು ಅಂದ್ರು." ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ಇಷ್ಟು ವರ್ಷದಿಂದ ಕಟ್ಕೊಂಡು ಓಡಾಡ್ತಿದೀನಿ. ಹೋಗಿ ನೋಡ್ದೆ. ನಿಜ."

ನಾನು ಅವನಿಗೆ ಎರಡು ಲೋಟ ಮಜ್ಜಿಗೆ ಕೊಟ್ಟೆ.

ದಸರೆ ಕಳೆಯಿತು. ಪರೀಕ್ಷೆ ಯಾವ ದಿನವೆಂದು ನಮಗೆ ಗೊತ್ತಿರಲಿಲ್ಲ. ಅತ್ತೆ ದಿನಾ ಒಂದು ದೇವರಿಗೆ ಹರಕೆ ಹೊರುತ್ತಿದ್ದರು. "ಒಬ್ಬರನ್ನೇ ಕೇಳ್ಕೊಂಡ್ರೆ ಸಾಲದಾ?" ಎಂದರೆ, "ಯಾರ ಕಿವಿ ತೆರೆದಿದೆಯೋ ಯಾರಿಗೆ ಗೊತ್ತು" ಎಂದರು. ಒಂದು ಮಧ್ಯಾಹ್ನ ನಾನು ಎಲ್ಲರಿಗೂ ಬಡಿಸಿ, ನನ್ನ ತಟ್ಟೆಗೆ ಕೈಹಾಕುವ ಹೊತ್ತಿಗೆ ಪಡಸಾಲೆಯಲ್ಲಿ ಫೋನ್ ಹೊಡೆಯಿತು.

ಅದು ಏಕಾದಶಿಯಲ್ಲ. ಊರೊಳಗಿನವರು ಊಟದ ಹೊತ್ತಿಗೆ ಮಾಡುವುದಿಲ್ಲ. ನಾನು ಅತ್ತೆಯ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು.

"ಎತ್ತಬೇಡ" ಎಂದರು ಅತ್ತೆ. "ಮಗು ಊಟದ ಹೊತ್ತಲ್ಲಿ ಮಾಡ್ತಿದೆ. ಎತ್ತಿದ್ರೆ ಹಸಿವು ಹೋಗತ್ತೆ. ಹೊಡೀಲಿ, ತಾನೇ ಇಡತ್ತೆ."

ಹೊಡೆದು ಹೊಡೆದು ನಿಂತಿತು. ನಾವಿಬ್ಬರೂ ಉಸಿರು ಬಿಟ್ಟೆವು. ಮತ್ತೆ ಹೊಡೆಯಿತು. ಎದ್ದುಹೋಗಿ ಫೋನಿನ ಮುಂದೆ ನಿಂತೆ. ಮಕ್ಕಳ ಹೊಟ್ಟೆಯಿಂದ ಕಿತ್ತುಕೊಂಡು ಮಾತಾಡುವುದೆಂದರೆ ನನ್ನ ಕೈಯಿಂದ ಆಗದ ಕೆಲಸ. ಆದರೆ ಯೋಚಿಸಲಿ ಎಂದು ಬಿಟ್ಟದ್ದಾಯಿತು, ಆ ಕಡೆಯವಳು ಯೋಚಿಸಿ ಎರಡನೆಯ ಸಲ ಮಾಡಿದ್ದಾಳೆ. ಮೂರನೆಯ ಸಲವೂ ಮಾಡುತ್ತಾಳೆ. ಯಾರ ಮಗಳು ಅವಳು. ಎತ್ತಿದೆ.

"ಅಮ್ಮಾ, ಎಷ್ಟು ಹೊತ್ತು ಎತ್ತೋಕೆ!"

"ಏಕಾದಶಿಗೆ ಇನ್ನೂ ದಿನ ಇದೆ ಕಣೇ. ಅಲ್ಲೀವರೆಗೂ ತಡೆಯೋಕಾಗಲ್ವಾ?"

"ಏಕಾದಶಿ ದಿನ ಲೈನ್ ಸಿಗಲ್ಲ. ಮೇಸ್ತ್ರಿಯಮ್ಮ ಲಡಿಗಳನ್ನ ಹಾಕಿದ್ರು ಅಮ್ಮಾ, ಇವತ್ತು ಬೆಳಿಗ್ಗೆ. ಒಂದು ಗುಡ್ಡೆ ಕೆಂಪು. ಒಂದೇ ಒಂದು ಜೊತೆ ಅದಲುಬದಲು ಮಾಡ್ದೆ. ಅವರು ಕಿಟಕಿ ಹತ್ತಿರ ಒಯ್ದು ನೋಡಿ, ಇದು ನಂಗೂ ತಪ್ಪತ್ತೆ ಅಂದ್ರು. ನಾಳೆಯಿಂದ ಹಂಡೆ ಮುಂದೆ ನಿಂತ್ಕೋ ಅಂದ್ರು."

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಅತ್ತೆ ದೂರದಿಂದಲೇ "ಏನಂತೆ? ಏನಂತೆ?" ಎನ್ನುತ್ತಿದ್ದರು. ಕೈಬೀಸಿ ಹೇಳಿದೆ. ಅವರು ತಮ್ಮ ಬೆರಳು ಮಡಿಸುತ್ತಾ ಯಾವ ಯಾವ ದೇವರಿಗೆ ಏನೇನು ಕೊಡಬೇಕೆಂದು ಲೆಕ್ಕ ಹಾಕತೊಡಗಿದರು.

"ಹಸಿರು ಬಂದಿದ್ಯಾ?"

"ಅರ್ಧ ಬಂದಿದೆ. ಎಳೇ ಹಸಿರು ಇನ್ನೂ ಇಲ್ಲ, ಬಲಿತದ್ದು ಕಾಣ್ಸತ್ತೆ. ಬರತ್ತೆ."

"ಬರತ್ತೆ. ಇನ್ನು ನಾನು ವಾರಕ್ಕೊಂದು ಸಲ, ಚಿಕ್ಕದಾಗಿ..."

"ನೀನು ಮಾಡಿದ್ರೆ ನಾನು ಎತ್ತಲ್ಲ" ಎಂದಳು. ಜಗಳದ ದನಿಯಲ್ಲ, ದಾರ ತೋರಿಸುವಾಗ ಇರುತ್ತಿದ್ದ ದನಿ. "ನಾನೇ ಮಾಡ್ತೀನಿ. ಬಣ್ಣ ನನ್ನ ಕೆಲಸ, ಅದು ಹೋಗಬಾರದು. ಹಸಿವು ಒಂದು ದಿನ ಹೋದ್ರೆ ಹೋಗತ್ತೆ."

"ಹಸಿವು ಹೋಗೋದು ಸಣ್ಣ ಮಾತಾ? ಬೆಳೆಯೋ ಹುಡುಗಿ!"

"ಎಷ್ಟು ಬೆಳೀಲಿ ಅಮ್ಮಾ? ಇನ್ನೂ ಬೆಳೆದ್ರೆ ಬಾಗಿಲು ಎತ್ತರ ಮಾಡಿಸ್ಬೇಕು. ಬಸ್ಸಲ್ಲಿ ಟಿಕೆಟಿಗೆ ಯಾವಾಗ್ಲೂ ನೀನೇ ದುಡ್ಡು ಕೊಡ್ತೀಯ. ಒಂದು ಸಲ ನಾನು ತಗೋತೀನಿ, ಸುಮ್ನಿರು."

ನನಗೆ ಕೊಡುವುದು ಗೊತ್ತು. ತೆಗೆದುಕೊಳ್ಳುವುದು ಅಭ್ಯಾಸವಿಲ್ಲ. ಫೋನಿನ ಪಕ್ಕದ ಚೊಂಬನ್ನು ಸುಮ್ಮನೆ ಸರಿಸಿ ಮತ್ತೆ ಅಲ್ಲೇ ಇಟ್ಟೆ. ಅವಳ ಮಾತಿನಲ್ಲಿ ಅಲ್ಲಗಳೆಯುವಂಥದ್ದೇನೂ ಇರಲಿಲ್ಲ. ಅವಳ ಹೊಟ್ಟೆ ಅವಳದು, ಅವಳ ಕಣ್ಣು ಅವಳದು, ಯಾವುದನ್ನು ಕೊಟ್ಟು ನನ್ನನ್ನು ಕೂಗಬೇಕೆಂದು ಅವಳೇ ನೋಡಿಕೊಂಡಿದ್ದಾಳೆ.

"ಸರಿ" ಎಂದೆ. "ನೀನೇ ಮಾಡು. ಊಟ ಆಯ್ತಾ?"

"ತಟ್ಟೆ ಮುಂದಿತ್ತು, ಖುಷಿಗೆ ಬಿಟ್ಟು ಓಡಿಬಂದೆ. ಈಗ ನೋಡಿದ್ರೆ ಹಸಿವಿಲ್ಲ. ಹೋಗ್ಬಿಟ್ಟಿದೆ."

"ತಟ್ಟೆ ಫೋನಿನ ಹತ್ತಿರಕ್ಕೇ ತಗೊಂಡು ಬಾ. ಸಾರಿನ ಪಾತ್ರೇನೂ ತಾ."

"ಹಸಿವಿಲ್ಲ ಅಂದ್ನಲ್ಲ ಅಮ್ಮಾ."

"ಹಸಿವಿಗೆ ತಿನ್ನು ಅಂತ ನಾನು ಹೇಳ್ಲಿಲ್ಲ. ನಾನು ಬಡಿಸ್ತಾ ಇದೀನಿ, ತಿನ್ನು. ಹೋಗು, ಫೋನ್ ಹಿಡ್ಕೊಂಡೇ ಇರ್ತೀನಿ."

ಅವಳು ಹೋಗಿ ಬಂದಳು. ತಟ್ಟೆ ಕಲ್ಲಿನ ಮೇಲೆ ಇಟ್ಟ ಸದ್ದು, ಪಾತ್ರೆ ಇಟ್ಟ ಸದ್ದು. ಕೈ ತೊಳೆದಿದ್ದೀಯಾ ಎಂದೆ, ತೊಳೆದೆ ಎಂದಳು. ಏನು ಸಾರು ಎಂದೆ, ಹುರುಳಿ ಎಂದಳು. ಕಲಸು ಎಂದೆ. ಮೊದಲ ತುತ್ತು ಬಹಳ ಹೊತ್ತು ಬಾಯಲ್ಲೇ ಇತ್ತು, ಅಗಿಯುವುದು ನನಗೆ ಕೇಳಿಸುತ್ತಿತ್ತು. "ಮಣ್ಣು ತಿಂದ ಹಾಗಿದೆ" ಎಂದಳು. "ಇರಲಿ, ನುಂಗು" ಎಂದೆ. ನುಂಗಿದಳು. ಎರಡನೆಯದು ಸ್ವಲ್ಪ ಬೇಗ ಆಯಿತು. ನನ್ನ ಕಡೆ ಹೇಳುವ ಸುದ್ದಿ ರಾಶಿ ಇತ್ತು, ಒಂದನ್ನೂ ಹೇಳಲಿಲ್ಲ. ಗೋಡೆಗೆ ಒರಗಿ ಅವಳು ಉಣ್ಣುವುದನ್ನು ಕೇಳುತ್ತಾ ನಿಂತೆ. ಒಳಗೆ ನನ್ನ ಅನ್ನ ಆರುತ್ತಿತ್ತು. ಅತ್ತೆ ಬಂದು ಅದರ ಮೇಲೆ ಮುಚ್ಚಳ ಇಟ್ಟರು.

"ಆಯ್ತು ಅಮ್ಮಾ. ತಟ್ಟೆ ಖಾಲಿ."

"ಇನ್ನೊಂದು ಸಲ ಬಡಿಸ್ಕೊ."

"ಅಮ್ಮಾ!"

"ನಾನು ಇಲ್ಲೇ ನಿಂತಿದೀನಿ."

ಅವಳು ಗೊಣಗಿದಳು, ಆಮೇಲೆ ನಕ್ಕಳು. ಸೌಟು ಪಾತ್ರೆಯ ತಳಕ್ಕೆ ತಾಗಿದ ಸದ್ದು ಕೇಳುವವರೆಗೆ ನಾನು ಫೋನ್ ಇಡಲಿಲ್ಲ.